ಸೆಕೆಂಡ್ ಹ್ಯಾಂಡ್ ಗಿಟಾರ್: ಮಾಡೆಲ್ ಯಾವುದು, ವಯಸ್ಸೆಷ್ಟು, ಕೊಳ್ಳುವುದು ಯಾವುದನ್ನು?

ಕಡಿಮೆ ಬಜೆಟ್‌ನಲ್ಲಿ ಬಳಸಿದ ಗಿಟಾರ್ ಹುಡುಕುವವರ ಮುಂದೆ ಹೆಚ್ಚುಕಡಿಮೆ ಒಂದೇ ಬೆಲೆಗೆ ನಾಲ್ಕು ಬಗೆಯ ವಾದ್ಯಗಳು ಬಂದು ನಿಲ್ಲುತ್ತವೆ. ಒಂದು, ಕೆಲವೇ ವರ್ಷ ಬಳಸಿದ ಯಮಹಾ ಅಥವಾ ಸ್ಕ್ವಾಯರ್. ಇನ್ನೊಂದು, ತೊಂಬತ್ತರ ದಶಕದಲ್ಲಿ ಕೊರಿಯಾದಲ್ಲಿ ತಯಾರಾದ ಎಪಿಫೋನ್ ಇಲ್ಲವೇ ಇಬಾನೆಜ್. ಮತ್ತೊಂದು, ‘ವಿಂಟೇಜ್’ ಎಂಬ ಹಣೆಪಟ್ಟಿ ಹೊತ್ತ ಅರವತ್ತು-ಎಪ್ಪತ್ತರ ದಶಕದ ಗಿಟಾರ್. ಕೊನೆಯದು ಲೇಬಲ್ ಕಿತ್ತುಹೋಗಿರುವ, ಹೆಸರೇ ಇಲ್ಲದ ಗಿಟಾರ್. ಮಾರುವವರ ಮಾತು ಕೇಳಿದರೆ ನಾಲ್ಕೂ ಚಿನ್ನ. ಯಾವುದನ್ನು ಹಿಡಿಯುವುದು, ಯಾವುದನ್ನು ಬಿಡುವುದು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಮಾರುವವರು ಹೇಳುವ ಮಾಡೆಲ್‌ಗೂ ವರ್ಷಕ್ಕೂ ವಾದ್ಯದ ಮೇಲೆಯೇ ಕನಿಷ್ಠ ಎರಡು ಗುರುತು ಸಿಗಬೇಕು, ಆ ಎರಡೂ ಒಂದಕ್ಕೊಂದು ತಾಳೆಯಾಗಬೇಕು. ತಾಳೆಯಾಗದ ವರ್ಷಕ್ಕೆ ಚಿಕ್ಕಾಸೂ ಹೆಚ್ಚು ಕೊಡಬಾರದು.

ಯಾವುದನ್ನು ಒರೆಗೆ ಹಚ್ಚಬೇಕು

ಗುರುತು ಎಷ್ಟು ಖಚಿತವಾಗಿ ಸಿಗುತ್ತದೆ ಎಂಬುದು ಮೊದಲ ಅಳತೆ. ಮಾಡೆಲ್ ತಿಳಿದರೆ ಹೊಸದರ ಬೆಲೆ ತಿಳಿಯುತ್ತದೆ, ಮರ ಯಾವುದು, ಬಿಡಿಭಾಗ ಯಾವ ಅಳತೆಯದು ಎಂಬುದೂ ತಿಳಿಯುತ್ತದೆ. ಮುಂದೆ ಮಾರುವಾಗಲೂ ಅದೇ ಕೈಹಿಡಿಯುವುದು.

ಎರಡನೆಯ ಅಳತೆ ನೆಕ್, ಅಂದರೆ ಒಡಲಿನಿಂದ ಹೊರಚಾಚಿದ ಉದ್ದನೆಯ ಕತ್ತು. ಇದಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಅಕೌಸ್ಟಿಕ್ (ವಿದ್ಯುತ್ ಬೇಡದ, ಟೊಳ್ಳು ಒಡಲಿನ) ಗಿಟಾರ್‌ನ ಆರು ಉಕ್ಕಿನ ತಂತಿಗಳು ಸೇರಿ ಸುಮಾರು 70 ಕಿಲೋ ಬಲದಿಂದ ನೆಕ್ಕನ್ನು ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ಆ ಎಳೆತವನ್ನು ತಡೆಯಲು ನೆಕ್ಕಿನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಅದರ ತಿರುಪನ್ನು ತಿರುಗಿಸಿ ನೆಕ್ಕಿನ ಬಾಗು ಸರಿಪಡಿಸಬಹುದು. ಆದರೆ ನೆಕ್ಕಿನ ಬಾಗು ಬೇರೆ, ನೆಕ್ ಮತ್ತು ಒಡಲು ಸೇರುವ ಕೋನ ಬೇರೆ. ಕೋನ ಕೆಟ್ಟರೆ ಟ್ರಸ್ ರಾಡ್ ಏನೂ ಮಾಡಲಾರದು. ಅಂಟು ಹಾಕಿ ಕೂರಿಸಿದ ನೆಕ್ಕನ್ನು ಬಿಚ್ಚಿ ಮತ್ತೆ ಕೂರಿಸುವ ಕೆಲಸ ಅಗ್ಗದ ಗಿಟಾರ್‌ನ ಪಾಲಿಗೆ ಮೂಗಿಗಿಂತ ಮೂಗುತಿ ಭಾರ.

ಈ ಕೋನವನ್ನು ಪರೀಕ್ಷಿಸುವುದು ಸುಲಭ. ಉದ್ದನೆಯ ನೇರ ಪಟ್ಟಿಯೊಂದನ್ನು ಫ್ರೆಟ್‌ಗಳ (ನೆಕ್ಕಿನ ಮೇಲಿನ ಅಡ್ಡ ಲೋಹದ ಗೆರೆಗಳ) ಮೇಲೆ, ತಂತಿಗಳ ನಡುವೆ ಮಲಗಿಸಿ ಬ್ರಿಡ್ಜ್‌ನ (ಒಡಲಿನ ಮೇಲೆ ತಂತಿ ಕಟ್ಟುವ ತುಂಡಿನ) ಕಡೆಗೆ ಚಾಚಿ. ಪಟ್ಟಿಯ ತುದಿ ಬ್ರಿಡ್ಜ್ ಮರದ ಮೇಲಂಚನ್ನು ಸವರಿದಂತೆ ಹೋಗಬೇಕು. ಅಂಚಿಗಿಂತ ಕೆಳಗೆ ಹೋಗಿ ಬ್ರಿಡ್ಜ್‌ಗೆ ಡಿಕ್ಕಿ ಹೊಡೆದರೆ ಕೋನ ಕುಸಿದಿದೆ ಎಂದು ಅರ್ಥ. ಅದರ ಜೊತೆಗೆ ಬ್ರಿಡ್ಜ್ ಮೇಲೆ ತಂತಿಗಳನ್ನು ಹೊತ್ತ ಬಿಳಿಯ ಸ್ಯಾಡಲ್ ಆಗಲೇ ತೀರಾ ತಗ್ಗಾಗಿ ಸವೆಸಲ್ಪಟ್ಟಿದ್ದರೆ, ಹಿಂದಿನ ಒಡೆಯರು ಈ ತೊಂದರೆಯನ್ನು ಮುಚ್ಚಲು ಸ್ಯಾಡಲ್ ಉಜ್ಜುತ್ತಲೇ ಬಂದಿದ್ದಾರೆ ಎಂದು ತಿಳಿಯಬೇಕು. 12ನೇ ಫ್ರೆಟ್‌ನ ಬಳಿ ದಪ್ಪ ತಂತಿ ಎಷ್ಟು ಎತ್ತರದಲ್ಲಿದೆ ಎಂದೂ ಅಳೆಯಿರಿ. ಅಕೌಸ್ಟಿಕ್‌ನಲ್ಲಿ ಎರಡೂವರೆ ಮಿಲಿಮೀಟರ್ ಸುತ್ತಮುತ್ತ ಇದ್ದರೆ ಸರಿ. ನಾಲ್ಕು ಮಿಲಿಮೀಟರ್ ಇದ್ದು ಸ್ಯಾಡಲ್ ತಗ್ಗಿಸಲು ಜಾಗವೂ ಉಳಿದಿಲ್ಲವೆಂದರೆ ವರ್ಷ ಯಾವುದೇ ಇರಲಿ, ಆ ಗಿಟಾರ್ ಬೇಡ.

ದುರಸ್ತಿಯ ಖರ್ಚು ಮತ್ತು ಬಿಡಿಭಾಗ ಸಿಗುವ ಮಾತನ್ನು ಆಯಾ ಬಗೆಯ ಜೊತೆಗೇ ನೋಡೋಣ.

ಇತ್ತೀಚಿನ ವರ್ಷಗಳ ಗಿಟಾರ್: ಕ್ರಮಸಂಖ್ಯೆಯೇ ಜಾತಕ

ಇವುಗಳ ದೊಡ್ಡ ಲಾಭವೆಂದರೆ ಗುರುತು ಪತ್ತೆಗೆ ಹೆಣಗಬೇಕಿಲ್ಲ. ಯಮಹಾದ ಅಕೌಸ್ಟಿಕ್‌ನಲ್ಲಿ ಒಡಲಿನ ನಡುವಿನ ದುಂಡು ತೂತಾದ ಸೌಂಡ್ ಹೋಲ್‌ನೊಳಗೆ ಇಣುಕಿದರೆ ಲೇಬಲ್‌ನಲ್ಲಿ ಮಾಡೆಲ್ ಹೆಸರಿರುತ್ತದೆ. ವರ್ಷ ಮಾತ್ರ ನೇರವಾಗಿ ಬರೆದಿರುವುದಿಲ್ಲ. ಅದು ಕ್ರಮಸಂಖ್ಯೆಯ ಮೊದಲ ಮೂರು ಅಕ್ಷರಗಳಲ್ಲಿ ಅಡಗಿದೆ. ಇಂಗ್ಲಿಷ್ ವರ್ಣಮಾಲೆಯ ‘ಎಚ್’ ಎಂದರೆ 1, ‘ಐ’ ಎಂದರೆ 2, ‘ಜೆ’ 3, ಹೀಗೆ ಸಾಲಾಗಿ ‘ಪಿ’ ಎಂದರೆ 9, ‘ಕ್ಯೂ’ ಎಂದರೆ 0. ಮೊದಲ ಎರಡು ಅಕ್ಷರ ವರ್ಷ, ಮೂರನೆಯದು ತಿಂಗಳು. ತಿಂಗಳಿಗೂ ಅದೇ ಅಕ್ಷರಗಳು. ಅಕ್ಟೋಬರ್, ನವೆಂಬರ್, ಡಿಸೆಂಬರ್‌ಗಳಿಗೆ ಮಾತ್ರ ‘ಎಕ್ಸ್’, ‘ವೈ’, ‘ಝಡ್’. ‘ಎಚ್-ಕೆ-ಝಡ್’ ಎಂದು ಆರಂಭವಾದರೆ 1, 4, ಡಿಸೆಂಬರ್. ಅಂದರೆ 2014ರ ಡಿಸೆಂಬರ್. ‘ಎರಡೇ ವರ್ಷ ಬಳಸಿದ್ದು’ ಎನ್ನುವವರ ಗಿಟಾರ್‌ನ ಮೇಲೆ ‘ಕ್ಯೂ-ಎಂ’ ಕಂಡರೆ ಅದು 2006ರದು ಎಂದು ನೀವೇ ಹೇಳಬಹುದು.

ಸ್ಕ್ವಾಯರ್ ಎಂಬುದು ಫೆಂಡರ್ ಕಂಪನಿಯ ಅಗ್ಗದ ಶ್ರೇಣಿ. ಹೆಡ್‌ಸ್ಟಾಕ್‌ನ (ನೆಕ್ಕಿನ ತುದಿಯಲ್ಲಿ ತಂತಿ ಬಿಗಿಯುವ ತಲೆಭಾಗದ) ಮೇಲೆ ‘ಐಸಿಎಸ್’ ಎಂದಿದ್ದರೆ ಇಂಡೋನೇಷ್ಯಾದಲ್ಲಿ ಕೋರ್-ಟೆಕ್ ಕಾರ್ಖಾನೆ ಮಾಡಿದ್ದು, ‘ಸಿಜಿಎಸ್’ ಎಂದಿದ್ದರೆ ಚೀನಾದ್ದು. ಆ ಅಕ್ಷರಗಳ ಮುಂದಿನ ಎರಡು ಅಂಕಿ ವರ್ಷ: ‘ಐಸಿಎಸ್12’ ಎಂದರೆ 2012. ಇಂಡೋನೇಷ್ಯಾದ ಇಬಾನೆಜ್‌ನಲ್ಲಿ ‘ಐ’ ಅಕ್ಷರದ ನಂತರ ಎರಡು ಅಂಕಿ ವರ್ಷ, ಎರಡು ಅಂಕಿ ತಿಂಗಳು: ‘ಐ0705’ ಎಂದರೆ 2007ರ ಮೇ. ಇತ್ತೀಚಿನ ಎಪಿಫೋನ್‌ನಲ್ಲಿ ಅಕ್ಷರವೇ ಇಲ್ಲ. ಮೊದಲ ನಾಲ್ಕು ಅಂಕಿ ವರ್ಷ ಮತ್ತು ತಿಂಗಳು, ಮುಂದಿನ ಎರಡು ಅಂಕಿ ಕಾರ್ಖಾನೆ. ಆ ಜಾಗದಲ್ಲಿ 15 ಇದ್ದರೆ ಚೀನಾದ ಚಿಂಗ್‌ಡಾವ್‌ನ ಕಾರ್ಖಾನೆ.

ಎಡವುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಒಂದೇ ‘ಐ’ ಅಕ್ಷರ ಯಮಹಾದಲ್ಲಿ 2 ಎಂಬ ಅಂಕಿ, ಇಬಾನೆಜ್‌ನಲ್ಲಿ ಇಂಡೋನೇಷ್ಯಾ, ತೊಂಬತ್ತರ ದಶಕದ ಎಪಿಫೋನ್‌ನಲ್ಲಿ ಕೊರಿಯಾದ ಸೇಯಿನ್ ಎಂಬ ಕಾರ್ಖಾನೆ. ಹಾಗಾಗಿ ಮೊದಲು ಬ್ರ್ಯಾಂಡ್ ಖಚಿತವಾಗಬೇಕು, ಆಮೇಲೆ ಸಂಖ್ಯೆ ಓದಬೇಕು. ಇನ್ನೊಂದು ಎಚ್ಚರಿಕೆ: ನಾಲ್ಕು ಸ್ಕ್ರೂಗಳಿಂದ ನೆಕ್ ಕೂರಿಸಿದ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಹೆಡ್‌ಸ್ಟಾಕ್‌ನ ಸಂಖ್ಯೆ ನೆಕ್ಕಿನ ವಯಸ್ಸನ್ನು ಹೇಳುತ್ತದೆಯೇ ಹೊರತು ಒಡಲಿನದನ್ನಲ್ಲ. ಅರ್ಧ ಗಂಟೆಯಲ್ಲಿ ನೆಕ್ ಬದಲಿಸಬಹುದು. ನೆಕ್ ಕೂರುವ ಜಾಗದಲ್ಲಿ ಸಂದು ಕಾಣುತ್ತದೆಯೇ, ಹಿಂಬದಿಯ ಲೋಹದ ತಟ್ಟೆಯ ಸ್ಕ್ರೂಗಳ ತಲೆ ಸವೆದಿದೆಯೇ ಎಂದು ನೋಡಿ.

ಮಾಡೆಲ್ ಗುರುತಿಸುವುದು ಏಕೆ ಮುಖ್ಯ ಎಂಬುದಕ್ಕೆ ಯಮಹಾದ ಎಫ್310 ಮತ್ತು ಎಫ್‌ಜಿ800 ಒಳ್ಳೆಯ ಉದಾಹರಣೆ. ದೂರದಿಂದ ಅಣ್ಣತಮ್ಮಂದಿರಂತೆ ಕಾಣುತ್ತವೆ. ಎಫ್310ರ ಮೇಲ್ಹಲಗೆ ಪದರಗಳನ್ನು ಅಂಟಿಸಿದ ಮರದ್ದು. 2016ರಲ್ಲಿ ಬಂದ ಎಫ್‌ಜಿ800ರದು ಇಡಿಯಾದ ಸ್ಪ್ರೂಸ್ ಮರದ ಹಲಗೆ. ಲೇಬಲ್ ಇಲ್ಲದಿದ್ದರೂ ಇದನ್ನು ಕಣ್ಣಾರೆ ಪರೀಕ್ಷಿಸಬಹುದು. ಸೌಂಡ್ ಹೋಲ್‌ನ ಅಂಚನ್ನು ಮೊಬೈಲ್ ಬೆಳಕಿನಲ್ಲಿ ಹತ್ತಿರದಿಂದ ನೋಡಿ. ಮೇಲಿನ ಮರದ ಗೆರೆಗಳು ಅಂಚಿನಲ್ಲಿಯೂ ಮುಂದುವರಿದು ಕೆಳಕ್ಕೆ ಇಳಿದರೆ ಅದು ಇಡಿಯ ಹಲಗೆ. ಅಂಚಿನಲ್ಲಿ ಅಡ್ಡಡ್ಡ ಪದರ ಕಂಡರೆ, ನಡುವಿನ ಪದರ ಗಾಢ ಬಣ್ಣದ್ದಾಗಿದ್ದರೆ ಪದರಮರ. ಇಡಿಯ ಹಲಗೆಯ ನಾದ ತುಂಬಾಗಿರುತ್ತದೆ, ಆದರೆ ಒಣಹವೆಯಲ್ಲಿ ಸೀಳುವುದೂ ಅದೇ. ಹಾಸ್ಟೆಲ್, ಪ್ರಯಾಣ, ಮಕ್ಕಳ ಕೈ ಎಂದರೆ ಪದರಮರವೇ ವಾಸಿ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಬಳಸಿದ ಸ್ಕ್ವಾಯರ್‌ಗಳಲ್ಲಿ ಬುಲೆಟ್, ಅಫಿನಿಟಿ, ಕ್ಲಾಸಿಕ್ ವೈಬ್ ಎಂಬ ಮೆಟ್ಟಿಲುಗಳಿವೆ. ಕ್ಲಾಸಿಕ್ ವೈಬ್ ಬಂದದ್ದು 2008ರಲ್ಲಿ. ಅದಕ್ಕಿಂತ ಹಳೆಯ ಕ್ರಮಸಂಖ್ಯೆಯ ಮೇಲೆ ಆ ಹೆಸರು ಹೇಳಿದರೆ ಎಲ್ಲೋ ಏನೋ ತಪ್ಪಿದೆ. ಬುಲೆಟ್ ಮತ್ತು ಹಳೆಯ ಅಫಿನಿಟಿಯ ಒಡಲು ಫೆಂಡರ್‌ನ ಹೆಸರಾಂತ ಎಲೆಕ್ಟ್ರಿಕ್ ಮಾಡೆಲ್ ಆದ ಸಾಮಾನ್ಯ ಸ್ಟ್ರಾಟೋಕಾಸ್ಟರ್‌ನ ಸುಮಾರು 45 ಮಿಲಿಮೀಟರ್‌ಗಿಂತ ತೆಳು. ಹಗುರವಾಗಿರುವುದರಿಂದ ಚಿಕ್ಕವರಿಗೆ ಅನುಕೂಲ. ಮುಂದೆ ಬ್ರಿಡ್ಜ್ ಬದಲಿಸಿ ಮೇಲ್ದರ್ಜೆಗೆ ಏರಿಸುವ ಆಸೆಯಿದ್ದರೆ ಮಾತ್ರ ಯೋಚಿಸಿ. ದಪ್ಪ ಒಡಲಿಗೆ ಮಾಡಿದ ಬ್ರಿಡ್ಜ್‌ನ ಕೆಳಗಿನ ಲೋಹದ ದಿಮ್ಮಿ ಅದರೊಳಗೆ ಕೂರುವುದಿಲ್ಲ. ಎಪಿಫೋನ್‌ನಲ್ಲಿ ಲೆಸ್ ಪಾಲ್ ಸ್ಪೆಷಲ್-2ಕ್ಕೆ ಸ್ಕ್ರೂ ಹಾಕಿದ ನೆಕ್, ಲೆಸ್ ಪಾಲ್ ಸ್ಟ್ಯಾಂಡರ್ಡ್‌ಗೆ ಅಂಟಿಸಿದ ನೆಕ್. ಹೆಡ್‌ಸ್ಟಾಕ್‌ನಲ್ಲಿ ಟ್ರಸ್ ರಾಡ್ ಮುಚ್ಚುವ ಪುಟ್ಟ ತಗಡಿನ ಮೇಲೆ ಮಾಡೆಲ್ ಹೆಸರಿರುತ್ತದೆ. ಆದರೆ ಆ ತಗಡನ್ನು ಯಾರು ಬೇಕಾದರೂ ಬಿಚ್ಚಿ ಬೇರೆಯದನ್ನು ಹಾಕಬಹುದು. ಗಿಟಾರ್ ತಿರುಗಿಸಿ ನೆಕ್ಕಿನ ಬುಡದಲ್ಲಿ ಸ್ಕ್ರೂ ಇದೆಯೇ ಎಂದು ನೋಡುವುದೇ ಎರಡನೆಯ ಸಾಕ್ಷಿ.

ಕೊರಿಯಾದ ಕಾಲದವು

ಎಂಬತ್ತರ ದಶಕದಲ್ಲಿ ಜಪಾನ್‌ನಲ್ಲಿ ಕೂಲಿ ಏರಿದಂತೆ ಅಗ್ಗದ ಗಿಟಾರ್‌ಗಳ ತಯಾರಿ ಕೊರಿಯಾಕ್ಕೆ ಸರಿಯಿತು, ಮುಂದೆ ಇಂಡೋನೇಷ್ಯಾ ಮತ್ತು ಚೀನಾಕ್ಕೆ. ಆದ್ದರಿಂದ ಹೆಡ್‌ಸ್ಟಾಕ್‌ನ ಹಿಂದೆ ‘ಮೇಡ್ ಇನ್ ಕೊರಿಯಾ’ ಎಂದಿರುವ ಅಗ್ಗದ ಶ್ರೇಣಿಯ ಗಿಟಾರ್ ಹೆಚ್ಚಾಗಿ ಎಂಬತ್ತರ ಕೊನೆಯಿಂದ 2000ದ ದಶಕದ ಆರಂಭದೊಳಗಿನದು. ದೇಶದ ಹೆಸರೇ ಒರಟಾದ ಪಂಚಾಂಗ. ಸ್ಕ್ವಾಯರ್ 1982ರಲ್ಲಿ ಜಪಾನ್‌ನಲ್ಲಿ ಆರಂಭವಾದಾಗ ಅದರ ಸಂಖ್ಯೆಗಳು ‘ಜೆವಿ’ ಎಂದು ಶುರುವಾಗುತ್ತಿದ್ದವು; ಅಂಥದು ಇಂದು ಅಗ್ಗಕ್ಕೆ ಸಿಕ್ಕರೆ ಸಂತೋಷಕ್ಕಿಂತ ಮೊದಲು ಸಂಶಯ ಬರಬೇಕು. ‘ಕೆಸಿ97’ ಎಂದಿದ್ದರೆ ಕೊರಿಯಾ, ಕೋರ್-ಟೆಕ್, 1997. ಎಪಿಫೋನ್‌ನಲ್ಲಿ ‘ಎಸ್’ ಎಂದರೆ ಸಾಮಿಕ್, ‘ಯು’ ಎಂದರೆ ಉನ್ಸಂಗ್, ನಂತರ ವರ್ಷ ಮತ್ತು ತಿಂಗಳು. ಕೆಲವಕ್ಕೆ ವರ್ಷಕ್ಕೆ ಒಂದೇ ಅಂಕಿ ಇರುವುದರಿಂದ ಗೊಂದಲವಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ, ಎಲೆಕ್ಟ್ರಿಕ್ ಹುಡುಕುವವರಿಗೆ ಕೊಟ್ಟ ಹಣಕ್ಕೆ ಹೆಚ್ಚು ಮರ, ಹೆಚ್ಚು ಕೆಲಸಗಾರಿಕೆ ಸಿಗುವುದು ಈ ಗುಂಪಿನಲ್ಲಿ. ಇಪ್ಪತ್ತೈದು ವರ್ಷ ಕಳೆದ ನೆಕ್ ಬಾಗುವುದಿದ್ದರೆ ಆಗಲೇ ಬಾಗಿರುತ್ತದೆ. ಇನ್ನೂ ನೇರವಾಗಿದ್ದರೆ ಅದನ್ನು ನಂಬಬಹುದು. ಸವೆಯುವುದು ವಿದ್ಯುತ್ ಭಾಗಗಳು. ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು ಬಂದರೆ, ಸ್ವಿಚ್ ಒಂದು ಜಾಗದಲ್ಲಿ ಮೂಕವಾದರೆ ಹೆದರಬೇಕಿಲ್ಲ. ಅವುಗಳ ಬೆಲೆ ಅಲ್ಪ, ಬೆಸುಗೆ ಗೊತ್ತಿರುವ ಯಾರಾದರೂ ಬದಲಿಸಬಲ್ಲರು. ಅದನ್ನೇ ತೋರಿಸಿ ಬೆಲೆ ಇಳಿಸಬಹುದು. ಫ್ರೆಟ್ ಸವೆತ ಮಾತ್ರ ಬೇರೆ ಕಥೆ. ಮೊದಲ ಮೂರು ಫ್ರೆಟ್‌ಗಳ ಮೇಲೆ ತೆಳು ತಂತಿಗಳ ಕೆಳಗೆ ಆಳವಾದ ಕಚ್ಚುಗಳಿದ್ದರೆ ಎಲ್ಲ ಫ್ರೆಟ್ ಬದಲಿಸಬೇಕಾದೀತು, ಅದರ ಕೂಲಿ ಗಿಟಾರ್‌ನ ಬೆಲೆಯ ಹತ್ತಿರಕ್ಕೆ ಹೋದೀತು. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದೆಯೇ ಎಂದು ಉಗುರಾಡಿಸಿ ನೋಡಿ.

‘ವಿಂಟೇಜ್’ ಎಂಬ ಹಣೆಪಟ್ಟಿ

ಹಳೆಯದೆಲ್ಲ ಒಳ್ಳೆಯದೆಂಬ ನಂಬಿಕೆಯಿಂದ ಹೆಚ್ಚು ಜನ ಕೈ ಸುಟ್ಟುಕೊಳ್ಳುವುದು ಈ ಬಗೆಯಲ್ಲಿ. ಅರವತ್ತರ ದಶಕದ ಅಗ್ಗದ ಗಿಟಾರ್‌ಗಳು ಆ ಕಾಲಕ್ಕೂ ಅಗ್ಗದವೇ. ಆದರೆ ಇವುಗಳಲ್ಲಿ ನಿಜವಾದ ರತ್ನಗಳೂ ಇವೆ, ಅವನ್ನು ಗುರುತಿಸಲು ಕೆಲವು ಗಟ್ಟಿ ಸುಳಿವುಗಳೂ ಇವೆ.

ಯಮಹಾದ ಎಫ್‌ಜಿ ಸರಣಿ 1966ರಲ್ಲಿ ಎಫ್‌ಜಿ-180 ಮತ್ತು ಎಫ್‌ಜಿ-150ರಿಂದ ಆರಂಭವಾಯಿತು. ಒಳಗೆ ಕೆಂಪು ಲೇಬಲ್, ಅದರ ಮೇಲೆ ‘ನಿಪ್ಪಾನ್ ಗಕ್ಕಿ’ ಎಂಬ ಹೆಸರಿದ್ದರೆ ಅದು ಸಂಗ್ರಹಕಾರರು ಹುಡುಕುವ ಮೊದಲ ತಲೆಮಾರಿನ ಜಪಾನ್ ಗಿಟಾರ್. ನಿಪ್ಪಾನ್ ಗಕ್ಕಿ ಎಂಬುದು ಕಂಪನಿಯ ಹಳೆಯ ಹೆಸರು. 1987ರಲ್ಲಿ ಅದು ಯಮಹಾ ಕಾರ್ಪೊರೇಷನ್ ಆಯಿತು. ಹಾಗಾಗಿ ಲೇಬಲ್‌ನಲ್ಲಿ ಆ ಹೆಸರು ಕಂಡರೆ ಕನಿಷ್ಠ ಅಷ್ಟು ಹಳೆಯದೆಂದು ಹೇಳಬಹುದು. ಎಫ್‌ಜಿ-180ರ ಮೇಲ್ಹಲಗೆಯೂ ಪದರಮರದ್ದೇ, ಆದರೂ ಅದರ ನಾದಕ್ಕೆ ಇಂದಿಗೂ ಅಭಿಮಾನಿಗಳಿದ್ದಾರೆ. ಇವುಗಳ ನೆಕ್ ಅಂಟಿಸಿದ್ದು, ಕೋನ ಕುಸಿದಿರುವ ಸಂಭವ ಹೆಚ್ಚು. ನೇರ ಪಟ್ಟಿಯ ಪರೀಕ್ಷೆಯನ್ನು ಇಲ್ಲಿ ಯಾವ ಕಾರಣಕ್ಕೂ ಬಿಡಬಾರದು.

ಅಮೆರಿಕದ ಷಿಕಾಗೋದಲ್ಲಿ 1975ರವರೆಗೆ ನಡೆದ ಹಾರ್ಮನಿ ಕಂಪನಿ ತನ್ನ ಹೆಸರಿನಲ್ಲಿ ಮಾತ್ರವಲ್ಲದೆ ಸ್ಟೆಲ್ಲಾ, ಸಿಲ್ವರ್‌ಟೋನ್ ಎಂಬ ಹೆಸರುಗಳಲ್ಲೂ ರಾಶಿ ರಾಶಿ ಗಿಟಾರ್ ಮಾಡಿತು. ಇವುಗಳ ಒಳಗೆ ಬೆನ್ನಿನ ಹಲಗೆಯ ಮೇಲೆ ಶಾಯಿಯ ಮುದ್ರೆ ಇರುತ್ತದೆ. ‘ಎಫ್-64’ ಎಂದರೆ 1964ರ ಎರಡನೆಯ ಅರ್ಧ, ‘ಎಸ್-64’ ಎಂದರೆ ಮೊದಲ ಅರ್ಧ. ‘ಎಚ್1260’ರಂತೆ ‘ಎಚ್’ನಿಂದ ಆರಂಭವಾಗುವ ಸಂಖ್ಯೆ ಮಾಡೆಲ್. ಸಣ್ಣ ಕನ್ನಡಿಯನ್ನೂ ದೀಪವನ್ನೂ ಒಳಗಿಟ್ಟು ಹುಡುಕಿದರೆ ಅರ್ಧ ಅಳಿಸಿದ್ದರೂ ಓದಬಹುದು. ಅಮೆರಿಕದ ಎಲೆಕ್ಟ್ರಿಕ್ ಆಗಿದ್ದರೆ ವಾಲ್ಯೂಮ್ ನಿಯಂತ್ರಕದ ಬೆನ್ನಿನ ಅಂಕಿಗಳೂ ನೆರವಾಗುತ್ತವೆ: 137 ಎಂದು ಆರಂಭವಾದರೆ ಸಿಟಿಎಸ್ ಕಂಪನಿಯದು, ನಂತರ ವರ್ಷ, ಕೊನೆಯ ಎರಡು ಅಂಕಿ ವಾರ. 1376632 ಎಂದರೆ 1966ರ 32ನೇ ವಾರ. ಗಿಟಾರ್ ಅದಕ್ಕಿಂತ ಹಳೆಯದಾಗಿರಲಾರದು, ಆ ಭಾಗವನ್ನು ಬದಲಿಸಿರದಿದ್ದರೆ.

ಈ ಕಾಲದ ಅನೇಕ ಅಗ್ಗದ ಗಿಟಾರ್‌ಗಳ ಹೆಡ್‌ಸ್ಟಾಕ್‌ನಲ್ಲಿ ‘ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್’ ಎಂದು ಹೆಮ್ಮೆಯಿಂದ ಅಚ್ಚಾಗಿರುತ್ತದೆ. ಮಾರುವವರು ಅದನ್ನು ಗುಣವೆಂದು ತೋರಿಸುತ್ತಾರೆ. ಒಳಗೆ ಉಕ್ಕಿನ ಪಟ್ಟಿ ಇದೆ ಎಂಬುದು ನಿಜ, ಆದರೆ ಅದನ್ನು ತಿರುಗಿಸಿ ಸರಿಪಡಿಸುವ ತಿರುಪು ಇಲ್ಲ. ನೆಕ್ ಬಾಗಿದ್ದರೆ ಬಾಗಿದಂತೆಯೇ. ಎಪ್ಪತ್ತರ ದಶಕದ ಜಪಾನ್ ಗಿಟಾರ್‌ಗಳ ಹಿಂಬದಿಯ ತಟ್ಟೆಯಲ್ಲಿ ‘ಸ್ಟೀಲ್ ಅಡ್ಜಸ್ಟಬಲ್ ನೆಕ್’ ಎಂದಿದ್ದರೆ ತಿರುಪು ಇದೆ ಎಂದು ಅರ್ಥ. ಹೆಚ್ಚಾಗಿ ಅವು ಮತ್ಸುಮೊಕು ಕಾರ್ಖಾನೆಯವು. ಆರಿಯಾ, ವೆಸ್ಟೋನ್ ಮುಂತಾದ ಹೆಸರುಗಳಿಗೆ ಗಿಟಾರ್ ಮಾಡಿಕೊಟ್ಟ ಆ ಕಾರ್ಖಾನೆ 1987ರಲ್ಲಿ ಮುಚ್ಚಿತು. ಎರಡರ ನಡುವೆ ಆಯ್ಕೆ ಬಂದರೆ ನಾನು ಎರಡನೆಯದನ್ನೇ ಎತ್ತಿಕೊಳ್ಳುವೆ.

‘ಲಾಸೂಟ್ ಗಿಟಾರ್’, ಅಂದರೆ ಮೊಕದ್ದಮೆಯ ಗಿಟಾರ್, ಎಂಬ ಮಾತನ್ನೂ ನೀವು ಕೇಳುವಿರಿ. ಅಮೆರಿಕದ ಗಿಟಾರ್ ಕಂಪನಿ ಗಿಬ್ಸನ್‌ನ ಮಾಲೀಕ ಸಂಸ್ಥೆ ನಾರ್ಲಿನ್ 1977ರಲ್ಲಿ ಹೂಡಿದ ಮೊಕದ್ದಮೆ ಇಬಾನೆಜ್‌ನ ಅಮೆರಿಕದ ವಿತರಕ ಸಂಸ್ಥೆಯ ಮೇಲೆ, ಅದೂ ಹೆಡ್‌ಸ್ಟಾಕ್‌ನ ಆಕಾರದ ಬಗ್ಗೆ ಮಾತ್ರ. ಇಂದು ಎಪ್ಪತ್ತರ ದಶಕದ ಯಾವುದೇ ಜಪಾನ್ ನಕಲಿಗೆ ಆ ಹೆಸರು ಅಂಟಿಸಿ ಬೆಲೆ ಏರಿಸುತ್ತಾರೆ. ಆ ಹೆಸರಿಗೆ ಹಣ ಕೊಡಬೇಡಿ, ವಾದ್ಯಕ್ಕೆ ಕೊಡಿ.

ಹೆಸರಿಲ್ಲದವು, ನೈಲಾನ್ ತಂತಿಯವು

ಹೆಸರಿಲ್ಲದ ಗಿಟಾರ್‌ನ ವಯಸ್ಸು ಹುಡುಕುವುದರಲ್ಲಿ ಸಮಯ ಕಳೆಯಬೇಡಿ. ನೆಕ್ ನೇರವಾಗಿದ್ದು, ಟ್ರಸ್ ರಾಡ್ ತಿರುಗುವಂತಿದ್ದು, ಶ್ರುತಿ ನಿಲ್ಲುವಂತಿದ್ದರೆ ಕಲಿಕೆಗೆ ಸಾಕು. ಮುಂದೆ ಮಾರಲು ಹೋದರೆ ಕೊಳ್ಳುವವರಿಲ್ಲ ಎಂದು ಎಣಿಸಿಯೇ ಬೆಲೆ ಕಟ್ಟಿ.

ಯಮಹಾ ಸಿ40ರಂಥ ನೈಲಾನ್ ತಂತಿಯ ಗಿಟಾರ್‌ಗಳು ವರ್ಷಗಟ್ಟಲೆ ಹೆಚ್ಚು ಬದಲಾಗದೆ ಬರುತ್ತಿರುವುದರಿಂದ ಅಲ್ಲಿ ವರ್ಷಕ್ಕೆ ಮಹತ್ವ ಕಡಿಮೆ. ಈ ಬಗೆಯಲ್ಲಿ ಸಾಮಾನ್ಯವಾಗಿ ಟ್ರಸ್ ರಾಡ್ ಇರುವುದಿಲ್ಲ. ಇದಕ್ಕೆ ಯಾರಾದರೂ ಉಕ್ಕಿನ ತಂತಿ ಕಟ್ಟಿದ್ದರೆ ಬ್ರಿಡ್ಜ್ ಹಿಂದೆ ಮೇಲ್ಹಲಗೆ ಉಬ್ಬಿರುತ್ತದೆ, ಬ್ರಿಡ್ಜ್‌ನ ಹಿಂಬದಿ ಅಂಚಿನಲ್ಲಿ ಕಾಗದ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಅಂಥದನ್ನು ಪುಕ್ಕಟೆ ಕೊಟ್ಟರೂ ಬೇಡ.

ನಿಮಗೆ ಯಾವುದು

ಮೊದಲ ಗಿಟಾರ್ ಕೊಳ್ಳುತ್ತಿದ್ದರೆ, ನೋಡಿ ಹೇಳಲು ಜೊತೆಗೆ ಬಲ್ಲವರು ಇಲ್ಲದಿದ್ದರೆ ಇತ್ತೀಚಿನ ಯಮಹಾ, ಸ್ಕ್ವಾಯರ್, ಇಬಾನೆಜ್‌ಗಳಲ್ಲಿ ಒಂದನ್ನು ಆರಿಸಿ. ಹೊಸದರ ಬೆಲೆ ಗೊತ್ತಿರುವುದರಿಂದ ಮೋಸ ಹೋಗುವ ಭಯ ಕಡಿಮೆ, ಒಂದು ವರ್ಷದಲ್ಲಿ ಕಲಿಕೆ ನಿಂತರೂ ಹೆಚ್ಚು ನಷ್ಟವಿಲ್ಲದೆ ಮಾರಬಹುದು. ಬಜೆಟ್ ತೀರಾ ಬಿಗಿಯಾಗಿದ್ದರೆ ಎಲ್ಲವನ್ನೂ ಗಿಟಾರ್‌ಗೇ ಸುರಿಯಬೇಡಿ. ಹೊಸ ತಂತಿ ಮತ್ತು ಒಮ್ಮೆ ಸೆಟಪ್ (ನೆಕ್ಕಿನ ಬಾಗು, ತಂತಿಯ ಎತ್ತರ ಸರಿಪಡಿಸುವ ಕೆಲಸ) ಮಾಡಿಸುವ ಖರ್ಚನ್ನು ಮೊದಲೇ ಎತ್ತಿಡಿ. ಚೆನ್ನಾಗಿ ಸೆಟಪ್ ಮಾಡಿದ ಎಫ್310, ಮಾಡದ ದುಬಾರಿ ಗಿಟಾರ್‌ಗಿಂತ ಬೆರಳಿಗೆ ಹಿತ.

ಆಗಲೇ ನುಡಿಸಲು ಬಲ್ಲವರು, ಎಲೆಕ್ಟ್ರಿಕ್ ಬೇಕೆನ್ನುವವರು, ಬೆಸುಗೆ ಕೋಲು ಹಿಡಿಯಲು ಹೆದರದವರು ಕೊರಿಯಾದ ಕಾಲದವನ್ನು ಹುಡುಕಲಿ. ಹಳೆಯ ಜಪಾನ್ ಅಥವಾ ಹಾರ್ಮನಿ ಗಿಟಾರ್‌ನ ಮೋಹವಿರುವವರು ಅದನ್ನು ಎರಡನೆಯ ಗಿಟಾರ್ ಆಗಿ ಕೊಳ್ಳಲಿ. ದುರಸ್ತಿಗೆ ಹೋದಾಗ ನುಡಿಸಲು ಇನ್ನೊಂದು ಮನೆಯಲ್ಲಿರಬೇಕು.

ನೋಡಲು ಹೊರಡುವ ಮುನ್ನ ಕೆಲವು ಫೋಟೋ ಕೇಳಿ ತರಿಸಿಕೊಳ್ಳಿ: ಹೆಡ್‌ಸ್ಟಾಕ್‌ನ ಮುಂಬದಿ ಮತ್ತು ಹಿಂಬದಿ, ಸೌಂಡ್ ಹೋಲ್‌ನೊಳಗಿನ ಲೇಬಲ್, ನೆಕ್ಕಿನ ಬುಡ, ಮೊದಲ ಮೂರು ಫ್ರೆಟ್, ಮತ್ತು ಬದಿಯಿಂದ ತೆಗೆದ ಬ್ರಿಡ್ಜ್. ಕ್ರಮಸಂಖ್ಯೆಯನ್ನು ಬೆರಳಿನಿಂದ ಮುಚ್ಚಿ ಫೋಟೋ ಕಳುಹಿಸಿದರೆ ಕಾರಣ ಕೇಳಿ. ಕೆಲವರು ಕಳವಿನ ದೂರಿಗೆ ಹೆದರಿ ಮುಚ್ಚುತ್ತಾರೆ, ಕೆಲವರು ವರ್ಷ ತಿಳಿಯಬಾರದೆಂದು. ಬ್ರಿಡ್ಜ್ ಬದಿಯ ಫೋಟೋ ಕಳುಹಿಸಲು ಒಲ್ಲೆ ಎನ್ನುವವರ ಜೊತೆ ಚೌಕಾಸಿಗೆ ಇಳಿಯದೆ ಮುಂದಿನ ಗಿಟಾರ್ ನೋಡಿ.